ಕಲ್ಲಿನ ಸಾಕ್ಷ್ಯ: ನಮ್ಮ ಬೆಟ್ಟಗಳ ವಯಸ್ಸನ್ನು ತಿಳಿದ ಬಗೆ

(ಬಿಡದಿಯಲ್ಲಿ ನೆರೆದಿದ್ದ ಉಪಾಧ್ಯಾಯರ ಮತ್ತು ನಾಗರಿಕರ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಶಾಸ್ತ್ರವಿಷಯವೊಂದನ್ನು ಕುರಿತು ಮಾತನಾಡಲು ತಾವು ಶಾಸ್ತ್ರಜ್ಞರನ್ನು ಕರೆಯದೆ ವಕೀಲನೊಬ್ಬನನ್ನು ಕರೆದಿದ್ದೀರಿ. ಕರೆದವರ ಧೈರ್ಯವನ್ನು ಮೆಚ್ಚಬೇಕು. ಭೂವಿಜ್ಞಾನವನ್ನು ನಾನು ಕಾಲೇಜಿನಲ್ಲಿ ಓದಿದವನಲ್ಲ. ಬಿಡುವಿನಲ್ಲಿ ಪುಸ್ತಕಗಳನ್ನು ತಿರುವಿ ಹಾಕಿ, ತಿಳಿದವರನ್ನು ಕೇಳಿ, ಕಲ್ಲುಗಳ ಬಳಿಗೆ ಹೋಗಿ ನೋಡಿ ಅಷ್ಟಿಷ್ಟು ಅರಿತವನು. ಆದರೂ ಈ ಕರೆಯನ್ನು ನಾನು ಒಪ್ಪಿಕೊಂಡುದಕ್ಕೆ ಒಂದು ಕಾರಣವುಂಟು. ಭೂಮಿಯ ಚರಿತ್ರೆಯನ್ನು ಬರೆಯುವವರ ಕೆಲಸವೂ ನ್ಯಾಯಸ್ಥಾನದ ಕೆಲಸವೂ ಒಂದು ವಿಷಯದಲ್ಲಿ ಒಂದೇ ಬಗೆಯವು. ನಡೆದುದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲದಿರುವಾಗ, ಉಳಿದಿರುವ ಗುರುತುಗಳಿಂದಲೇ ನಡೆದುದೇನೆಂದು ನಿರ್ಣಯಿಸಬೇಕು. ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ಕಾಲದ ಹಿಂದೆ ಎಂಬ ಪ್ರಶ್ನೆಗಳನ್ನು ನಾವು ಪತ್ರಗಳಿಗೆ ಹಾಕುತ್ತೇವೆ, ಅವರು ಕಲ್ಲುಗಳಿಗೆ ಹಾಕುತ್ತಾರೆ.

ಈ ಪ್ರಶ್ನೆಗಳನ್ನು ಕೇಳಲು ನಾವು ದೂರ ಹೋಗಬೇಕಾಗಿಲ್ಲ. ಕನಕಪುರ, ರಾಮನಗರ, ಮಾಗಡಿಗಳ ನಡುವೆ ಬಾಳುತ್ತಿರುವ ನಾವು ಲೋಕದ ಭೂವಿಜ್ಞಾನಿಗಳೆಲ್ಲ ಹೆಸರಿನಿಂದ ಬಲ್ಲ ಒಂದು ನೆಲದ ಮೇಲೆ ಕುಳಿತಿದ್ದೇವೆ. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಎಂಬ ಆಂಗ್ಲ ಅಧಿಕಾರಿಯ ಹೆಸರಿನಿಂದ ರಾಮನಗರವನ್ನು ಹಿಂದೆ ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದರು. ಊರು ಆ ಹೆಸರನ್ನು ಕಳಚಿ ಹಾಕಿತು. ಆದರೆ ಊರಿನ ಕಲ್ಲು ಅದನ್ನು ಇನ್ನೂ ಹೊತ್ತುಕೊಂಡಿದೆ. ರಾಮದೇವರ ಬೆಟ್ಟದ ಆ ಕೆಂಪುಮಿಶ್ರಿತ ಕಲ್ಲಿಗೆ ಶಾಸ್ತ್ರಗ್ರಂಥಗಳಲ್ಲಿ ಇಂದಿಗೂ 'ಕ್ಲೋಸ್‌ಪೇಟೆ ಗ್ರಾನೈಟ್' ಎಂದೇ ಹೆಸರು.

ಕೆಲವು ವರ್ಷಗಳ ಹಿಂದೆ ಒಂದು ಗಡಿ ವ್ಯಾಜ್ಯದ ನಿಮಿತ್ತ ಬಿಡದಿಯಿಂದ ಹಾರೋಹಳ್ಳಿಯ ಕಡೆಗಿರುವ ಒಂದು ಕಲ್ಲುಗಣಿಯನ್ನು ನಾನು ನೋಡಬೇಕಾಯಿತು. ಹೊಸದಾಗಿ ಒಡೆದ ಕಲ್ಲಿನ ಮುಖ ಗೋಡೆಯಂತೆ ಎದುರಿಗೆ ನಿಂತಿತ್ತು. ಅದರಲ್ಲಿ ಮೂರು ಬಗೆಯ ಕಲ್ಲು ಸ್ಪಷ್ಟವಾಗಿ ಕಾಣುತ್ತಿದ್ದವು. ಹೆಚ್ಚು ಪಾಲು ಕಪ್ಪು ಬಿಳಿ ಪಟ್ಟೆಗಳುಳ್ಳ ಬೂದುಬಣ್ಣದ ಕಲ್ಲು. ಅದರೊಳಗೆ ಅಡ್ಡಾದಿಡ್ಡಿಯಾಗಿ ಹರಿದ ಕೆಂಪುಕಲ್ಲಿನ ಎಳೆಗಳು. ಇವೆರಡನ್ನೂ ನೆಟ್ಟಗೆ ಕತ್ತರಿಸಿಕೊಂಡು ನಿಂತ, ಎರಡಾಳು ಅಗಲದ ಕರಿಕಲ್ಲಿನ ಪಟ್ಟಿ. ಅಲ್ಲಿ ಕೆಲಸಮಾಡುತ್ತಿದ್ದ ವಯಸ್ಸಾದ ಕಲ್ಲುಕುಟಿಗರೊಬ್ಬರನ್ನು, "ಯಜಮಾನರೇ, ಈ ಮೂರರಲ್ಲಿ ಹಿರಿಯದು ಯಾವುದು?" ಎಂದು ಸುಮ್ಮನೆ ಕೇಳಿದೆನು. ಅವರು ಸುತ್ತಿಗೆಯನ್ನು ಕೆಳಗಿಟ್ಟು, "ಬೂದುಗಲ್ಲೇ ಹಿರೀದು ಸ್ವಾಮಿ. ಕೆಂಪುಕಲ್ಲು ಅದನ್ನ ಸೀಳ್ಕೊಂಡು ಬಂದೈತೆ. ಕರಿಕಲ್ಲು ಎರಡನ್ನೂ ಸೀಳೈತೆ. ಗೋಡೇನೇ ಇಲ್ದಿದ್ರೆ ಬಿರುಕು ಎಲ್ಲಿಂದ ಬತ್ತದೆ?" ಎಂದರು.

ಮಹನೀಯರೇ, ಭೂವಿಜ್ಞಾನದ ಒಂದು ಮೂಲಸೂತ್ರವನ್ನು ಆ ಹಿರಿಯರು ಒಂದು ವಾಕ್ಯದಲ್ಲಿ ಹೇಳಿಬಿಟ್ಟರು. ಸೀಳಿದ ಕಲ್ಲು ಸೀಳಲ್ಪಟ್ಟ ಕಲ್ಲಿಗಿಂತ ಕಿರಿಯದು. ಸ್ಕಾಟ್ಲೆಂಡಿನ ಜೇಮ್ಸ್ ಹಟನ್ ಮೊದಲಾದವರು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬಹು ವಾದಗಳ ನಡುವೆ ನೆಲೆಗೊಳಿಸಿದ ತತ್ತ್ವವಿದು. ಅದಕ್ಕೂ ಮೊದಲು, ೧೬೬೯ರಲ್ಲಿ, ಡೆನ್ಮಾರ್ಕಿನ ನಿಕೊಲಸ್ ಸ್ಟೆನೊ ಇನ್ನೊಂದು ಸೂತ್ರವನ್ನು ಹೇಳಿದ್ದನು: ನೀರಿನ ತಳದಲ್ಲಿ ಮರಳೂ ಕೆಸರೂ ಪದರಪದರವಾಗಿ ಕೂತು ಕಲ್ಲಾದಾಗ, ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ತರುವಾಯ ಇಂಗ್ಲೆಂಡಿನ ಕಾಲುವೆಗಳ ಮೋಜಣಿದಾರ ವಿಲಿಯಂ ಸ್ಮಿತ್ ಎಂಬವನು ಪ್ರತಿಯೊಂದು ಪದರದಲ್ಲಿಯೂ ಅದರದೇ ಆದ ಪ್ರಾಣಿಗಳ ಅವಶೇಷಗಳಿರುವುದನ್ನು ಕಂಡು, ಅವುಗಳ ಆಧಾರದಿಂದ ದೂರದೂರದ ಊರುಗಳ ಪದರಗಳನ್ನು ಒಂದಕ್ಕೊಂದು ಸರಿಹೊಂದಿಸಿ, ೧೮೧೫ರಲ್ಲಿ ತನ್ನ ದೇಶದ ಕಲ್ಲಿನ ಪಟವನ್ನು ಪ್ರಕಟಿಸಿದನು. ಈ ಮೂರು ಸೂತ್ರಗಳ ಬಲದಿಂದ ಯುರೋಪಿನವರು ತಮ್ಮ ನೆಲದ ಚರಿತ್ರೆಯನ್ನು ಕ್ರಮವಾಗಿ ಜೋಡಿಸಿದರು.

ನಮ್ಮ ನಾಡಿಗೆ ಬಂದಾಗ ಈ ಮೂರನೆಯ ಸೂತ್ರ ಕೈಕೊಟ್ಟಿತು. ಏಕೆಂದರೆ ಹಳೆಯ ಮೈಸೂರು ಸೀಮೆಯ ಕಲ್ಲುಗಳು ಶಂಖ, ಮೀನು, ಮರ ಮುಂತಾದುವು ಹುಟ್ಟುವುದಕ್ಕಿಂತಲೂ ಬಹು ಹಿಂದಿನವು. ಚಿತ್ರದುರ್ಗದ ಕಡೆಯ ಸುಣ್ಣಕಲ್ಲಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳ ಗುರುತು ಸಿಕ್ಕಿರುವುದನ್ನು ಬಿಟ್ಟರೆ, ಕಾಲವನ್ನು ತೋರಿಸಬಲ್ಲ ಅವಶೇಷಗಳು ಇಲ್ಲವೆಂದೇ ಹೇಳಬೇಕು. ಮೇಲಾಗಿ ಈ ಕಲ್ಲುಗಳು ಎಷ್ಟೋ ಬಾರಿ ಕಾದು, ಮಡಿಸಿ, ಹಿಂಡಿಹೋಗಿವೆ. ಹೀಗಿರಲು ಯಾವುದು ಹಿರಿಯದೆಂಬುದೇ ದೊಡ್ಡ ವ್ಯಾಜ್ಯವಾಯಿತು.

ಆ ವ್ಯಾಜ್ಯದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ರಾಬರ್ಟ್ ಬ್ರೂಸ್ ಫುಟ್ ಸಾಹೇಬರು ೧೮೮೦ರ ದಶಕದಲ್ಲಿ ಈ ನಾಡನ್ನು ಸುತ್ತಿ, ಚಿನ್ನವನ್ನೂ ಕಬ್ಬಿಣವನ್ನೂ ಒಳಗೊಂಡ ಪದರಗಲ್ಲುಗಳ ಗುಂಪಿಗೆ ಧಾರವಾಡದ ಹೆಸರನ್ನು ಕೊಟ್ಟರು. ೧೮೯೪ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಏರ್ಪಟ್ಟಾಗ ಅದರ ಮೊದಲನೆಯ ಮುಖ್ಯಸ್ಥರು ಅವರೇ. ಪಟ್ಟೆಗಳುಳ್ಳ ಬೂದುಗಲ್ಲು, ಎಂದರೆ ಶಾಸ್ತ್ರಜ್ಞರು 'ನೈಸ್' ಎನ್ನುವ ಕಲ್ಲು, ತಳಪಾಯವೆಂದೂ ಧಾರವಾಡದ ಕಲ್ಲುಗಳು ಅದರ ಮೇಲೆ ಆಮೇಲೆ ಕೂತವೆಂದೂ ಅವರ ಮತ. ಅವರ ತರುವಾಯ ಇಲಾಖೆಯನ್ನು ನಡೆಸಿದ ಸ್ಮೀತ್ ಸಾಹೇಬರು ಇದಕ್ಕೆ ಪ್ರತಿಯಾಗಿ ವಾದಿಸಿದರು. ಧಾರವಾಡದ ಕಲ್ಲುಗಳೇ ಎಲ್ಲಕ್ಕಿಂತ ಹಿರಿಯವು. ಬೂದುಗಲ್ಲು ಕರಗಿದ ರೂಪದಲ್ಲಿ ಕೆಳಗಿನಿಂದ ಅವುಗಳೊಳಗೆ ನುಗ್ಗಿತು ಎಂಬುದು ಅವರ ಪಕ್ಷ. ಅದಕ್ಕೆ ಸಾಕ್ಷ್ಯವಾಗಿ ಧಾರವಾಡದ ಕಲ್ಲನ್ನು ಬೂದುಗಲ್ಲು ಸೀಳಿರುವ ಸ್ಥಳಗಳನ್ನು ತೋರಿಸಿದರು. ಎದುರು ಪಕ್ಷದವರು ಧಾರವಾಡದ ಕಲ್ಲುಗಳ ಬುಡದಲ್ಲಿ ಉರುಟಾದ ನುಣುಪು ಕಲ್ಲುಗುಂಡುಗಳಿರುವುದನ್ನು ತೋರಿಸಿ, ಹಳೆಯ ನೆಲ ಸವೆದು ಹೊಳೆಯಲ್ಲಿ ಉರುಳಿ ಬಂದ ಗುಂಡುಗಳು ಇವಲ್ಲದೆ ಬೇರೇನು ಎಂದು ಕೇಳಿದರು. ಅವು ನೆಲದೊಳಗೆ ಅರೆದು ಉರುಟಾದವೇ ಹೊರತು ಹೊಳೆಯ ಕಲ್ಲುಗಳಲ್ಲವೆಂದು ಸ್ಮೀತ್ ಸಾಹೇಬರ ಉತ್ತರ. ಬಿ. ರಾಮರಾಯರು ಮೊದಲಾದ ನಮ್ಮವರೇ ಆದ ಭೂವಿಜ್ಞಾನಿಗಳು ಕಾಲ್ನಡಿಗೆಯಲ್ಲಿ ಬೆಟ್ಟಗುಡ್ಡಗಳನ್ನು ಅಲೆದು, ಇವುಗಳಲ್ಲಿ ನೀರಿನ ತಳದಲ್ಲಿ ಕೂತು ಕಲ್ಲಾದವು ಎಷ್ಟೋ ಉಂಟೆಂಬುದನ್ನು ಸ್ಥಾಪಿಸಿದರು. ಬಾಬಾಬುಡನ್‌ಗಿರಿಯ ಕಡೆಯ ಬಿಳಿಕಲ್ಲಿನ ಮೇಲೆ ದಡದ ಅಲೆ ಬರೆದ ಗೆರೆಗಳನ್ನು ಇಂದಿಗೂ ಕಾಣಬಹುದು. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿ ದಿಂಬುಗಳಂತೆ ಹೆಪ್ಪುಗಟ್ಟಿದ ಲಾವಾ ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ.

ಎರಡು ಪಕ್ಷಗಳ ಸಾಕ್ಷಿಗಳೂ ಸುಳ್ಳು ಹೇಳುತ್ತಿರಲಿಲ್ಲ. ಹಾಗಾದರೆ ತೀರ್ಪು ಹೇಗೆ? ಸ್ಥಳದ ಮೇಲಿನ ಗುರುತುಗಳು ಮುಂಚೆ-ಆಮೇಲೆ ಎಂಬುದನ್ನು ಆಯಾ ಸ್ಥಳಕ್ಕೆ ಮಾತ್ರ ಹೇಳುತ್ತವೆ. ಚಿಕ್ಕಮಗಳೂರಿನ ಒಂದು ಗುರುತನ್ನೂ ಮೈಸೂರಿನ ಒಂದು ಗುರುತನ್ನೂ ಹೋಲಿಸಬೇಕಾದರೆ ತಾರೀಖು ಬೇಕು. ಎಂದರೆ ವರ್ಷಗಳ ಲೆಕ್ಕ ಬೇಕು.

ವರ್ಷಗಳನ್ನು ಎಣಿಸುವ ಪ್ರಯತ್ನ ಬಹಳ ಹಿಂದೆಯೇ ನಡೆದಿತ್ತು. ೧೮೬೨ರಲ್ಲಿ ಬ್ರಿಟನ್ನಿನ ಮಹಾಪಂಡಿತ ಲಾರ್ಡ್ ಕೆಲ್ವಿನ್ ಒಂದು ಗಣಿತವನ್ನು ಹಾಕಿದರು. ಭೂಮಿ ಮೊದಲು ಕರಗಿದ ಉಂಡೆಯಾಗಿತ್ತು, ಅಂದಿನಿಂದ ತಣಿಯುತ್ತಾ ಬಂದಿದೆ. ಇಂದಿನ ಬಿಸಿಯನ್ನು ನೋಡಿದರೆ ಅದರ ವಯಸ್ಸು ೨ ಕೋಟಿಯಿಂದ ೪೦ ಕೋಟಿ ವರ್ಷಗಳ ಒಳಗೆ ಇರಬೇಕೆಂದರು. ಗಣಿತದಲ್ಲಿ ದೋಷವಿರಲಿಲ್ಲ, ಕಡತದಲ್ಲಿ ಕಾಗದಗಳು ಕಡಿಮೆಯಾಗಿದ್ದವು. ಭೂಮಿಯ ಒಳಗೇ ಬಿಸಿಯನ್ನು ಹುಟ್ಟಿಸುವ ಧಾತುಗಳಿವೆಯೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಒಳಗಿನ ಬಿಸಿ ಕಲ್ಲು ನಿಧಾನವಾಗಿ ಹೊರಳುತ್ತಾ ಬಿಸಿಯನ್ನು ಮೇಲಕ್ಕೆ ಸಾಗಿಸುವುದನ್ನೂ ಅವರು ಎಣಿಕೆಗೆ ತೆಗೆದುಕೊಂಡಿರಲಿಲ್ಲ. ೧೮೯೬ರಲ್ಲಿ ಫ್ರಾನ್ಸಿನ ಬೆಕ್ವೆರೆಲ್ ಯುರೇನಿಯಮ್ ಧಾತುವಿನಿಂದ ಕಿರಣಗಳು ತಾವಾಗಿಯೇ ಹೊರಡುವುದನ್ನು ಕಂಡನು. ಯುರೇನಿಯಮ್ ಮೆಲ್ಲಮೆಲ್ಲನೆ ಕ್ಷಯಿಸಿ ಕಡೆಗೆ ಸೀಸವಾಗುವುದೆಂದು ತಿಳಿಯಿತು. ೧೯೦೭ರಲ್ಲಿ ಅಮೆರಿಕದ ಬೋಲ್ಟ್‌ವುಡ್ ಈ ಸೀಸವನ್ನು ಅಳೆದು ಕಲ್ಲುಗಳ ವಯಸ್ಸನ್ನು ಹೇಳಿದನು. ಇಂಗ್ಲೆಂಡಿನ ಆರ್ಥರ್ ಹೋಮ್ಸ್ ಈ ಕ್ರಮವನ್ನು ಜೀವಮಾನವೆಲ್ಲ ತಿದ್ದಿ ಬೆಳೆಸಿದನು. ೧೯೫೬ರಲ್ಲಿ ಕ್ಲೇರ್ ಪ್ಯಾಟರ್ಸನ್ ಆಕಾಶದಿಂದ ಬಿದ್ದ ಉಲ್ಕಾಶಿಲೆಗಳ ಸೀಸವನ್ನು ಅಳೆದು ಭೂಮಿಯ ವಯಸ್ಸು ಸುಮಾರು ೪೫೫ ಕೋಟಿ ವರ್ಷಗಳೆಂದು ನಿರ್ಣಯಿಸಿದನು. ಇಂದು ಒಪ್ಪಿರುವ ಸಂಖ್ಯೆ ಸುಮಾರು ೪೫೪ ಕೋಟಿ.

ಈ ಕ್ರಮವನ್ನು ತಾವು ಮಕ್ಕಳಿಗೆ ಹೇಳಬೇಕಾಗುವುದರಿಂದ ಸ್ವಲ್ಪ ವಿವರಿಸುತ್ತೇನೆ. ಗ್ರಾನೈಟಿನಲ್ಲಿ ಜಿರ್ಕಾನ್ ಎಂಬ ಅತಿ ಸಣ್ಣ ಹರಳುಗಳಿರುತ್ತವೆ. ರಾಗಿಯ ಕಾಳಿಗಿಂತಲೂ ಚಿಕ್ಕವು, ಆದರೆ ಬಲು ಗಟ್ಟಿ. ಈ ಹರಳು ಹುಟ್ಟುವಾಗ ತನ್ನೊಳಗೆ ಯುರೇನಿಯಮ್ಮನ್ನು ಸೇರಿಸಿಕೊಳ್ಳುತ್ತದೆ, ಸೀಸವನ್ನು ಮಾತ್ರ ಹೊರಗಿಡುತ್ತದೆ. ಆದುದರಿಂದ ಇಂದು ಅದರೊಳಗೆ ಕಾಣುವ ಸೀಸವೆಲ್ಲ ಬಹುಮಟ್ಟಿಗೆ ಒಳಗಿನ ಯುರೇನಿಯಮ್ಮಿನಿಂದಲೇ ಹುಟ್ಟಿದ್ದು. ಮುದ್ರೆಯೊತ್ತಿದ ಪೆಟ್ಟಿಗೆಯಲ್ಲಿ ಇಟ್ಟ ಸಾಮಾನು ಇದ್ದಂತೆ.

ಇನ್ನೂ ಒಂದು ಸೌಕರ್ಯವುಂಟು. ಯುರೇನಿಯಮ್ಮಿನಲ್ಲಿ ಎರಡು ಬಗೆ. ಒಂದು ನಿಧಾನದ್ದು, ಅದರ ಅರ್ಧಭಾಗ ಸೀಸವಾಗಲು ಸುಮಾರು ೪೪೭ ಕೋಟಿ ವರ್ಷ ಬೇಕು. ಇನ್ನೊಂದು ಬೇಗನೆ ಕ್ಷಯಿಸುವುದು. ಅದಕ್ಕೆ ಸುಮಾರು ೭೦ ಕೋಟಿ ವರ್ಷ ಸಾಕು. ಎರಡರಿಂದಲೂ ಹುಟ್ಟುವ ಸೀಸ ಬೇರೆಬೇರೆ ತೂಕದ್ದಾದುದರಿಂದ ಪ್ರತ್ಯೇಕವಾಗಿ ಅಳೆಯಬಹುದು. ಎಂದರೆ ಒಂದೇ ಹರಳಿನೊಳಗೆ ಇಬ್ಬರು ಸಾಕ್ಷಿಗಳು; ಒಬ್ಬರನ್ನೊಬ್ಬರು ಕಾಣದಂತೆ ಬೇರೆಬೇರೆಯಾಗಿ ವಿಚಾರಿಸಬಹುದಾದವರು. ಇಬ್ಬರ ಹೇಳಿಕೆಯೂ ಒಂದೇ ವರ್ಷಕ್ಕೆ ಬಂದರೆ ನಂಬಬಹುದು. ಬಾರದಿದ್ದರೆ ಪೆಟ್ಟಿಗೆಯ ಮುದ್ರೆಯನ್ನು ಯಾರೋ ಒಡೆದಿದ್ದಾರೆಂದು ತಿಳಿದು ಎಚ್ಚರಗೊಳ್ಳಬೇಕು. ನ್ಯಾಯಸ್ಥಾನದಲ್ಲಿ ಇಂತಹ ಸಾಕ್ಷಿಗಳು ದೊರೆತರೆ ವಕೀಲರ ಶ್ರಮ ಎಷ್ಟು ಕಡಿಮೆಯಾಗುತ್ತಿತ್ತು!

ಈಗ ನಮ್ಮ ಬೆಟ್ಟಕ್ಕೆ ಬರೋಣ. ಈ ಗ್ರಾನೈಟ್ ಒಂದು ದೀರ್ಘವಾದ ಪಟ್ಟಿಯಾಗಿ ಕನಕಪುರದ ಕಬ್ಬಾಳದುರ್ಗದ ಕಡೆಯಿಂದ ರಾಮನಗರ, ಮಾಗಡಿ, ಪಾವಗಡಗಳ ಮೂಲಕ ಬಳ್ಳಾರಿಯ ಸೀಮೆಯವರೆಗೆ ಉತ್ತರಕ್ಕೆ ಸುಮಾರು ೪೦೦ ಕಿಲೋಮೀಟರ್ ಹರಿದಿದೆ. ಅಗಲ ಬಹುಪಾಲು ೨೦ರಿಂದ ೩೦ ಕಿಲೋಮೀಟರ್. ಇದನ್ನು ಕುರಿತು ೧೯೫೬ರಲ್ಲಿ ಬಿ.ಪಿ. ರಾಧಾಕೃಷ್ಣ ಅವರು ಒಂದು ಪ್ರೌಢಗ್ರಂಥವನ್ನು ಪ್ರಕಟಿಸಿದರು. ೧೯೯೧ರಲ್ಲಿ ಫ್ರೆಂಡ್ ಮತ್ತು ನಟ್‌ಮನ್ ಎಂಬ ವಿದ್ವಾಂಸರು ಇದರ ಜಿರ್ಕಾನ್ ಹರಳುಗಳನ್ನು ಯಂತ್ರದಿಂದ ಪರೀಕ್ಷಿಸಿ, ಕಲ್ಲು ಹೆಪ್ಪುಗಟ್ಟಿ ೨೫೧ ಕೋಟಿ ೩೦ ಲಕ್ಷ ವರ್ಷಗಳಾದವೆಂದೂ ಇದರಲ್ಲಿ ೫೦ ಲಕ್ಷ ಹೆಚ್ಚು ಕಡಿಮೆಯಾಗಬಹುದೆಂದೂ ನಿರ್ಣಯಿಸಿದರು. ತಾವೇ ಲೆಕ್ಕ ಹಾಕಿ ನೋಡಬಹುದು. ಅಷ್ಟು ಕಾಲದಲ್ಲಿ ನಿಧಾನದ ಯುರೇನಿಯಮ್ಮಿನ ನೂರು ಪರಮಾಣುಗಳಲ್ಲಿ ಸುಮಾರು ೬೮ ಉಳಿದು ೩೨ ಸೀಸವಾಗಿರಬೇಕು. ವೇಗದ್ದರಲ್ಲಿ ಸುಮಾರು ೮ ಮಾತ್ರ ಉಳಿದು ೯೨ ಸೀಸವಾಗಿರಬೇಕು. ಎರಡು ಲೆಕ್ಕಗಳೂ ಒಂದೇ ತಾರೀಖನ್ನು ತೋರಿಸುವುವು. ನಮ್ಮ ಕಲ್ಲುಕುಟಿಗರು ಹೇಳಿದ ಬೂದುಗಲ್ಲು ಇದಕ್ಕಿಂತ ಹಿರಿಯದಷ್ಟೆ? ಬೆಂಗಳೂರಿನ ಲಾಲ್‌ಬಾಗಿನಲ್ಲಿ ಸ್ಮಾರಕವಾಗಿ ಉಳಿಸಿರುವ ಬಂಡೆ ಅದೇ ಜಾತಿಯದು. ಅದರ ವಯಸ್ಸು ಸುಮಾರು ೩೦೦ ಕೋಟಿ. ಹಾಸನದ ಗೊರೂರಿನ ಕಡೆಯದು ಇನ್ನೂ ಹಿರಿಯದು, ಸುಮಾರು ೩೩೦ ಕೋಟಿ.

ತಾರೀಖುಗಳು ಬಂದ ಮೇಲೆ ಹಳೆಯ ವ್ಯಾಜ್ಯವೂ ತೀರಿತು, ಮತ್ತು ಇಬ್ಬರಿಗೂ ಪಾಲು ದೊರೆಯಿತು. ಪದರಗಲ್ಲುಗಳು ಒಂದೇ ಕುಲದವಲ್ಲ, ಎರಡು ಕುಲದವು. ಮೈಸೂರು ಜಿಲ್ಲೆಯ ಸರಗೂರಿನ ಹೆಸರು ಪಡೆದ ಕುಲ ೩೦೦ ಕೋಟಿಗೂ ಹಿಂದಿನದು. ಅದನ್ನು ಬೂದುಗಲ್ಲು ಸೀಳಿದೆ. ಅಲ್ಲಿ ಸ್ಮೀತ್ ಸಾಹೇಬರ ಮಾತು ನಿಂತಿತು. ಬಾಬಾಬುಡನ್, ಚಿತ್ರದುರ್ಗಗಳ ಕುಲ ಸುಮಾರು ೨೯೦ರಿಂದ ೨೬೦ ಕೋಟಿ ವರ್ಷಗಳ ನಡುವಣದು. ಅದು ಬೂದುಗಲ್ಲಿನ ಮೇಲೆ ಕೂತಿದೆ. ಅಲ್ಲಿ ಫುಟ್ ಸಾಹೇಬರ ಮಾತು ನಿಂತಿತು. ಅವರಿಬ್ಬರೂ ತಮ್ಮತಮ್ಮ ಸ್ಥಳದಲ್ಲಿ ಕಂಡುದು ನಿಜ. ಕಂಡುದನ್ನು ನಾಡಿಗೆಲ್ಲ ಹರಡಿದುದರಲ್ಲಿ ತಪ್ಪಿತ್ತು.

ಮೂರನೆಯದಾದ ಕರಿಕಲ್ಲಿನ ವಿಷಯ ಹೇಳಬೇಕು. ಇದು ವಿಶೇಷವಾಗಿ ನಮ್ಮೂರಿನದು. ಬಿಡದಿ–ಹಾರೋಹಳ್ಳಿಗಳ ಸುತ್ತ ನೆಲ ಬಿರಿದು, ಆ ಬಿರುಕುಗಳಲ್ಲಿ ಕರಗಿದ ಕಲ್ಲು ಏರಿ ಹೆಪ್ಪುಗಟ್ಟಿದ ಪಟ್ಟಿಗಳು ಬಹಳವಿವೆ. ಭೂವಿಜ್ಞಾನಿಗಳು ಇವನ್ನು 'ಡೈಕ್' ಎನ್ನುತ್ತಾರೆ. ಇವುಗಳ ಅಂಚಿನಲ್ಲಿ ಕಣಗಳು ಸಣ್ಣವಾಗಿಯೂ ನಡುವೆ ದೊಡ್ಡವಾಗಿಯೂ ಇರುತ್ತವೆ. ಅಂಚು ತಣ್ಣನೆಯ ಗೋಡೆಗೆ ತಾಗಿ ಬೇಗ ಗಟ್ಟಿಯಾಯಿತು ಎಂಬುದಕ್ಕೆ ಇದು ಗುರುತು. ಹಾಗಾದರೆ ಕರಿಕಲ್ಲು ಬರುವ ಹೊತ್ತಿಗೆ ಸುತ್ತಣ ಕಲ್ಲು ತಣಿದಿದ್ದಿತೆಂಬುದು ಸಿದ್ಧವಾಯಿತಷ್ಟೆ.

ಇವುಗಳಲ್ಲಿ ಎರಡು ಕಾಲದವುಂಟು. ಬಹುಮಟ್ಟಿಗೆ ಪೂರ್ವಪಶ್ಚಿಮವಾಗಿ ಹರಿದ ಡಾಲರೈಟ್ ಪಟ್ಟಿಗಳು ಒಂದು. ಕ್ಷಾರಾಂಶ ಹೆಚ್ಚಾಗಿರುವ ಪಟ್ಟಿಗಳು ಇನ್ನೊಂದು. ೧೯೭೬ರಲ್ಲಿ ಇಕ್ರಮುದ್ದೀನ್ ಮತ್ತು ಸ್ಟೂಬರ್ ಎಂಬವರು ರುಬಿಡಿಯಮ್ ಧಾತು ಸ್ಟ್ರಾನ್ಷಿಯಮ್ ಆಗುವ ಲೆಕ್ಕದಿಂದ ಇವುಗಳ ವಯಸ್ಸನ್ನು ಪ್ರಕಟಿಸಿದರು. ಡಾಲರೈಟಿಗೆ ೨೪೨ ಕೋಟಿ, ಹೆಚ್ಚು ಕಡಿಮೆ ಸುಮಾರು ೨೫ ಕೋಟಿ. ಕ್ಷಾರದ ಪಟ್ಟಿಗಳಿಗೆ ೮೩ ಕೋಟಿ ೨೦ ಲಕ್ಷ, ಹೆಚ್ಚು ಕಡಿಮೆ ೪ ಕೋಟಿ. ಮೂವತ್ತು ವರ್ಷ ಪುಸ್ತಕಗಳಲ್ಲಿ ಈ ಸಂಖ್ಯೆಗಳೇ ನಡೆದವು. ೨೦೦೭ರಲ್ಲಿ ಹಾಲ್ಸ್ ಮುಂತಾದವರು ಯುರೇನಿಯಮ್–ಸೀಸದ ಕ್ರಮದಿಂದ ಅಳೆದಾಗ ಡಾಲರೈಟಿನ ವಯಸ್ಸು ಸುಮಾರು ೨೩೬ ಕೋಟಿ ೫೦ ಲಕ್ಷವೆಂದು ತಿಳಿಯಿತು. ಹಳೆಯ ಸಂಖ್ಯೆ ತಪ್ಪಾಗಿರಲಿಲ್ಲ, ಹೊಸದು ಅದರ ಮಿತಿಯೊಳಗೇ ಬಂದು ಹೆಚ್ಚು ಖಚಿತವಾಯಿತು. ಆದರೆ ೨೦೦೮ರಲ್ಲಿ ಪ್ರಧಾನ್, ಮೀರ್ಟ್ ಮೊದಲಾದವರು ಹಾರೋಹಳ್ಳಿಯ ಕ್ಷಾರದ ಪಟ್ಟಿಯಿಂದಲೇ ಜಿರ್ಕಾನ್ ಹರಳುಗಳನ್ನು ತೆಗೆದು ಅಳೆದಾಗ ೧೧೯ ಕೋಟಿ ೨೦ ಲಕ್ಷ ವರ್ಷ ಬಂದಿತು. ಮೂವತ್ತಾರು ಕೋಟಿ ವರ್ಷಗಳ ವ್ಯತ್ಯಾಸ! ರುಬಿಡಿಯಮ್ಮಿನ ಕ್ರಮದಲ್ಲಿ ಒಂದು ದೌರ್ಬಲ್ಯವುಂಟು: ಕಲ್ಲು ಗಟ್ಟಿಯಾದ ಮೇಲೆ ಬಿಸಿಯೋ ನೀರೋ ಒಳಹೊಕ್ಕು ಧಾತುಗಳನ್ನು ಕದಲಿಸಿದರೆ ಲೆಕ್ಕ ಕೆಡುತ್ತದೆ. ಜಿರ್ಕಾನಿನ ಪೆಟ್ಟಿಗೆ ಅಷ್ಟು ಸುಲಭವಾಗಿ ತೆರೆಯುವುದಿಲ್ಲ.

ಇದನ್ನು ಕೇಳಿದ ಕೆಲವರು, "ಇಂದು ಒಂದು ಹೇಳುತ್ತಾರೆ, ನಾಳೆ ಇನ್ನೊಂದು ಹೇಳುತ್ತಾರೆ, ಇವರನ್ನು ನಂಬುವುದೆಂತು?" ಎನ್ನಬಹುದು. ನನಗಾದರೋ ಇದೇ ನಂಬಿಕೆಗೆ ಆಧಾರವಾಗಿ ಕಾಣುತ್ತದೆ. ತೀರ್ಪಿನೊಡನೆ ಇಷ್ಟರವರೆಗೆ ತಪ್ಪಿರಬಹುದೆಂದು ತಾವೇ ಬರೆದಿಡುತ್ತಾರೆ. ಮೇಲ್ಮನವಿಯ ಬಾಗಿಲನ್ನು ಎಂದೂ ಮುಚ್ಚುವುದಿಲ್ಲ. ಹೊಸ ಸಾಕ್ಷ್ಯ ಬಂದರೆ ಹಳೆಯ ತೀರ್ಪನ್ನು ಬದಲಾಯಿಸಲು ನಾಚುವುದಿಲ್ಲ. ಮತ್ತು ಒಂದು ಮಾತನ್ನು ಗಮನಿಸಬೇಕು. ಸಂಖ್ಯೆಗಳು ಬದಲಾದರೂ ಕ್ರಮ ಬದಲಾಗಲಿಲ್ಲ. ಮೊದಲು ಬೂದುಗಲ್ಲು, ಆಮೇಲೆ ಕೆಂಪುಕಲ್ಲು, ಆಮೇಲೆ ಕರಿಕಲ್ಲು. ಕಲ್ಲುಕುಟಿಗರು ಯಂತ್ರವಿಲ್ಲದೆ ಹೇಳಿದ್ದು ಹಾಗೆಯೇ ನಿಂತಿದೆ.

ಹೀಗೆ ಕ್ರಮವೂ ತಾರೀಖೂ ದೊರೆತ ಮೇಲೆ ಚರಿತ್ರೆಯನ್ನು ಬರೆಯಬಹುದು. ಭೂಮಿಯ ಕಥೆಯನ್ನು ಒಂದು ಪುಟಕ್ಕೆ ಒಂದು ಕೋಟಿ ವರ್ಷದಂತೆ ಬರೆದ ೪೫೪ ಪುಟಗಳ ಗ್ರಂಥವೆಂದು ಭಾವಿಸಿರಿ. ಲಾಲ್‌ಬಾಗಿನ ಬಂಡೆ ೧೫೪ನೆಯ ಪುಟದ ಸುಮಾರಿಗೆ ಬರುತ್ತದೆ. ರಾಮದೇವರ ಬೆಟ್ಟದ ಮತ್ತು ಸಾವನದುರ್ಗದ ಗ್ರಾನೈಟ್ ನೆಲದ ಆಳದಲ್ಲಿ ಕರಗಿ ಏರಿ ಹೆಪ್ಪುಗಟ್ಟಿದ್ದು ೨೦೩ನೆಯ ಪುಟದ ಹತ್ತಿರ. ಡಾಲರೈಟ್ ೨೧೮ರ ಬಳಿ, ಕ್ಷಾರದ ಪಟ್ಟಿಗಳು ೩೩೫ರ ಬಳಿ. ಮಲ್ಪೆಯ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳು, ಎಂದರೆ ಮಡಗಾಸ್ಕರ್ ನಮ್ಮ ಕರಾವಳಿಯಿಂದ ಬೇರ್ಪಟ್ಟ ಕಾಲದ ಲಾವಾ, ೪೪೫ನೆಯ ಪುಟದಲ್ಲಿ. ಬಿಜಾಪುರ, ಕಲಬುರ್ಗಿ ಸೀಮೆಗಳ ಎರೆನೆಲಕ್ಕೆ ತಾಯಿಯಾದ ಕರಿಲಾವಾ ಹರಿದದ್ದು ಇನ್ನು ಆರೂವರೆ ಪುಟ ಉಳಿದಿರುವಾಗ. ನಮ್ಮಂತಹ ಮನುಷ್ಯರು ಸುಮಾರು ೩ ಲಕ್ಷ ವರ್ಷಗಳಿಂದ ಇರುವುದಾದರೆ, ಅವರಿಗೆ ಕೊನೆಯ ಪುಟದ ಕೊನೆಯ ಸಾಲು. ಒಂದು ಪುಟದಲ್ಲಿ ಎರಡು ಸಾವಿರ ಅಕ್ಷರಗಳಿದ್ದರೆ, ಮಾನವನು ಬರೆದಿಟ್ಟ ಐದು ಸಾವಿರ ವರ್ಷಗಳ ಇತಿಹಾಸಕ್ಕೆ ಒಂದೇ ಒಂದು ಅಕ್ಷರ.

ಆಳದಲ್ಲಿ ಹೆಪ್ಪುಗಟ್ಟಿದ ಕಲ್ಲು ಇಂದು ಆಕಾಶವನ್ನು ನೋಡುತ್ತಿರುವುದು ಹೇಗೆ? ಮೇಲಿದ್ದ ನೆಲವನ್ನೆಲ್ಲ ಮಳೆ ಬಿಸಿಲುಗಳು ಸವೆಸಿ ಕಡಲಿಗೆ ಸಾಗಿಸಿದವು. ಎಷ್ಟು ಸವೆಯಿತೆಂಬುದಕ್ಕೂ ಸಾಕ್ಷ್ಯವುಂಟು. ಕಬ್ಬಾಳದುರ್ಗದ ಬಳಿ ಬೂದುಗಲ್ಲು ಅಲ್ಲಲ್ಲಿ ಚಾರ್ನಕೈಟ್ ಎಂಬ ಮಸುಕು ಕಪ್ಪುಕಲ್ಲಾಗಿ ಮಾರ್ಪಡುತ್ತಿದ್ದುದನ್ನು ೧೯೬೦ರಲ್ಲಿ ಸಿ.ಎಸ್. ಪಿಚ್ಚಮುತ್ತು ಅವರು ಲೋಕಕ್ಕೆ ತಿಳಿಸಿದರು. ಅಂತಹ ಮಾರ್ಪಾಡು ಸುಮಾರು ಹದಿನೈದು–ಇಪ್ಪತ್ತು ಕಿಲೋಮೀಟರ್ ಆಳದ ಬಿಸಿಯಲ್ಲಿಯೂ ಒತ್ತಡದಲ್ಲಿಯೂ ಆಗತಕ್ಕದ್ದು. ಉತ್ತರಕ್ಕೆ ಹೋದಂತೆ ಆ ಆಳ ಕಡಿಮೆಯಾಗುತ್ತದೆ. ನೆಲ ಉತ್ತರಕ್ಕೆ ವಾಲಿ, ದಕ್ಷಿಣದಲ್ಲಿ ಹೆಚ್ಚಾಗಿ ಸವೆದಿದೆ. ಆದುದರಿಂದ ಕನಕಪುರದಿಂದ ಬಳ್ಳಾರಿಗೆ ನಡೆಯುವವನು ಭೂಮಿಯ ಆಳದಿಂದ ಮೇಲಕ್ಕೆ ಮೆಟ್ಟಿಲು ಹತ್ತಿದಂತೆಯೇ ಸರಿ.

ನಮ್ಮ ಪತ್ರಿಕೆಯ ವಾಚಕರು ಇಲ್ಲಿ ಒಂದು ಮಾತನ್ನು ನಿರೀಕ್ಷಿಸುವರೆಂದು ಬಲ್ಲೆ. ಈ ಪಟ್ಟಿ ಹಾಯ್ದುಹೋಗುವ ನೆಲ ೧೯೫೬ಕ್ಕೆ ಮೊದಲು ಬೇರೆಬೇರೆ ಸರಕಾರಗಳಲ್ಲಿ ಹಂಚಿಹೋಗಿದ್ದಿತು. ಆ ವರ್ಷದ ನವೆಂಬರ್ ೧ರಂದು ಕನ್ನಡನಾಡು ಒಂದಾಯಿತು. ಆದರೆ ವಕೀಲನಾದ ನಾನು ಸಾಕ್ಷಿಯಿಂದ ಅವನು ಹೇಳದುದನ್ನು ಹೇಳಿಸಲಾರೆ. ಈ ಕಲ್ಲು ನಡುವೆ ಆಂಧ್ರದ ಅನಂತಪುರದ ಸೀಮೆಯನ್ನೂ ಹಾಯ್ದಿದೆ. ಅದಕ್ಕೆ ಭಾಷೆಯೂ ಇಲ್ಲ, ಗಡಿಯೂ ಇಲ್ಲ. ಕಲ್ಲಿನಿಂದ ನಾವು ಪಡೆಯಬಹುದಾದ ಅಭಿಮಾನ ಬೇರೊಂದು. ಲೋಕದ ಯಾವ ವಿಶ್ವವಿದ್ಯಾಲಯಕ್ಕೆ ಹೋದರೂ ಅತಿಪ್ರಾಚೀನ ಭೂಖಂಡಗಳ ಪಾಠದಲ್ಲಿ ಧಾರವಾಡದ ಹೆಸರು ಬರುತ್ತದೆ. ಆ ಪಾಠ ಧಾರವಾಡದ, ಸರಗೂರಿನ, ಬಿಡದಿಯ ಮಕ್ಕಳಿಗೆ ಅವರ ಮಾತಿನಲ್ಲಿ ದೊರೆಯದಿದ್ದರೆ ಆ ಕೊರತೆಗೆ ನಾವೇ ಹೊಣೆ.

ಕೊನೆಯದಾಗಿ ಆ ಕಲ್ಲುಗಣಿಯ ಮಾತು. ಎರಡು ವರ್ಷಗಳ ಮೇಲೆ ಮತ್ತೆ ಅಲ್ಲಿಗೆ ಹೋದೆನು. ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಆ ಮೂರು ಕಲ್ಲುಗಳನ್ನು ತೋರಿಸಬೇಕೆಂಬ ಆಸೆ ಇತ್ತು. ಆ ಮುಖ ಇರಲಿಲ್ಲ. ಅದು ಜಲ್ಲಿಯಾಗಿ ಯಾವುದೋ ರಸ್ತೆಯಲ್ಲಿ ಬಿದ್ದಿತ್ತು. ಅದರ ಸ್ಥಾನದಲ್ಲಿ ಹಸಿರುನೀರು ನಿಂತ ಹೊಂಡ. ಆ ಹಿರಿಯ ಕಲ್ಲುಕುಟಿಗರೂ ಬೇರೆ ಕಡೆಗೆ ಹೋಗಿದ್ದರು.

ಕಲ್ಲನ್ನು ಒಡೆಯಲೇಬಾರದೆಂದು ನಾನು ಹೇಳುವುದಿಲ್ಲ. ನಾವು ಕುಳಿತಿರುವ ಈ ಕಟ್ಟಡದ ತಳಪಾಯ ಕಲ್ಲಿನದು. ಎಷ್ಟೋ ಸಂಸಾರಗಳ ಅನ್ನ ಅದರಿಂದ ನಡೆಯುತ್ತಿದೆ. ಆದರೆ ದಸ್ತಾವೇಜನ್ನು ಸುಟ್ಟ ಮೇಲೆ ವಿಚಾರಣೆ ಮುಂದುವರಿಯುವುದಿಲ್ಲ. ಹಾರೋಹಳ್ಳಿಯ ಪಟ್ಟಿಯನ್ನು ೨೦೦೮ಕ್ಕೆ ಮೊದಲೇ ಪೂರ್ತಿಯಾಗಿ ಜಲ್ಲಿ ಮಾಡಿದ್ದರೆ, ಎಂಬತ್ತಮೂರು ಕೋಟಿಯ ತಪ್ಪು ಲೆಕ್ಕವೇ ಶಾಶ್ವತವಾಗುತ್ತಿತ್ತು. ಇಂದಿನ ಲೆಕ್ಕಗಳಲ್ಲಿ ಯಾವುದನ್ನು ನಾಳಿನವರು ತಿದ್ದಬೇಕಾಗುವುದೋ ನಮಗೆ ತಿಳಿಯದು. ತಿದ್ದಲು ಅವರಿಗೆ ಕಲ್ಲು ಉಳಿದಿರಬೇಕು. ರಾಮದೇವರ ಬೆಟ್ಟ ೨೦೧೨ರಲ್ಲಿ ರಣಹದ್ದುಗಳ ಧಾಮವಾದುದರಿಂದ ಹಕ್ಕಿಗಳ ಪುಣ್ಯದಿಂದ ಅದಕ್ಕೆ ರಕ್ಷಣೆ ದೊರೆಯಿತು. ಊರಹೊರಗಿನ ಚಿಕ್ಕ ಬಂಡೆಗಳಿಗೆ ಅಂತಹ ಪುಣ್ಯವಿಲ್ಲ.

ಆದುದರಿಂದ ತಮ್ಮಲ್ಲಿ ಎರಡು ಬಿನ್ನಹಗಳು. ಉಪಾಧ್ಯಾಯ ಬಂಧುಗಳು ವರ್ಷಕ್ಕೆ ಒಂದು ದಿನವಾದರೂ ಮಕ್ಕಳನ್ನು ಶಾಲೆಗೆ ಹತ್ತಿರದ ಬಂಡೆಯ ಬಳಿಗೆ ಕರೆದೊಯ್ದು, ಯಾವುದು ಯಾವುದನ್ನು ಸೀಳಿದೆ ಎಂದು ಕೇಳಬೇಕು. ಉತ್ತರವನ್ನು ತಾವು ಹೇಳದೆ ಅವರಿಂದಲೇ ಹೇಳಿಸಬೇಕು. ಪಂಚಾಯಿತಿಯ ಮಹನೀಯರು, ಮೂರು ಕಲ್ಲುಗಳೂ ಕೂಡಿ ಕಾಣುವ ಒಂದು ಮುಖವನ್ನಾದರೂ ಒಡೆಯದಂತೆ ಗೊತ್ತುಮಾಡಿ, ಲಾಲ್‌ಬಾಗಿನಲ್ಲಿ ಇರುವಂತೆ ಅದರ ಪಕ್ಕದಲ್ಲಿ ಕನ್ನಡದ ಫಲಕವೊಂದನ್ನು ನಿಲ್ಲಿಸಬೇಕು. ಇದಕ್ಕೆ ದೊಡ್ಡ ಹಣ ಬೇಡ. ಒಂದು ಗುಂಟೆ ನೆಲವೂ ನಾಲ್ಕು ಸಾಲು ಬರಹವೂ ಸಾಕು.